ಬೇಗ ಬೆಳೆಯುತ್ತೆ ಅಂದ್ರೆ ಸಾಕಾ?

ನಮ್ಮ ಹೊಲದ ಪಕ್ಕ ಲೇಔಟ್ ಆಗಿದೆ. ಧೂಳು ತಡೆಯೋಕೆ ಬದುವಿನ ಮೇಲೆ ಒಂದು ಸಾಲು ಮರ ಬೇಕಿತ್ತು. ಹೋದ ಮಳೆಗಾಲದಲ್ಲಿ ಸರ್ಜಾಪುರ ರಸ್ತೆಯ ಒಂದು ನರ್ಸರಿಗೆ ಹೋದೆ. "ಇದನ್ನ ತಗೊಳ್ಳಿ ಅಣ್ಣ, ಬೇಗ ಬೆಳೆಯುತ್ತೆ, ಮೈತುಂಬಾ ಹಳದಿ ಹೂವು, ದನಾನೂ ಮುಟ್ಟಲ್ಲ" ಅಂದ್ರು. ಹೆಸರು ಸೆನ್ನಾ ಸ್ಪೆಕ್ಟಾಬಿಲಿಸ್. ಅಲ್ಲೇ ಮೊಬೈಲ್‌ನಲ್ಲಿ ಹುಡುಕಿ ಓದಿದೆ. ಬರಿಗೈಲಿ ವಾಪಸ್ ಬಂದೆ.

ಇದು ಅಮೆರಿಕ ಖಂಡದ ಉಷ್ಣವಲಯದ ಮರ. ವಯನಾಡಿನಲ್ಲಿ ನೆರಳಿಗೆ, ಅಂದಕ್ಕೆ ಅಂತ ನೆಟ್ಟಿದ್ದು ಕಾಡಿಗೆ ನುಗ್ಗಿತು. ಈಗ ಬಂಡೀಪುರ, ನಾಗರಹೊಳೆ, ಮುದುಮಲೆಯಲ್ಲೂ ಇದೆ. ಅದರ ಕೆಳಗೆ ಹುಲ್ಲು ಬರೋದು ಕಷ್ಟ, ಜಿಂಕೆಗೆ ಮೇವಿಲ್ಲ. ಕಡಿದರೆ ಬುಡದಿಂದ ಹತ್ತಾರು ಚಿಗುರು. ನರ್ಸರಿಯವರು ಹೊಗಳಿದ ಗುಣಗಳೇ ಅಲ್ಲಿ ಶಾಪ ಆಗಿವೆ.

ಹಾಗಂತ ಹೊರಗಿನ ಮರವೆಲ್ಲ ಕೆಟ್ಟದ್ದು ಅಂತ ನಾನು ಹೇಳಲ್ಲ. ನಮ್ಮ ರಾಗಿಯೇ ಆಫ್ರಿಕಾದಿಂದ ಬಂದದ್ದು. ಬದುವಿನ ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು. ಕೇಳಬೇಕಾದ್ದು ಊರು ಯಾವುದು ಅಂತಲ್ಲ, ಈ ನಾಲ್ಕು ಪ್ರಶ್ನೆ:

1. ಬೀಜ ಎಷ್ಟು ಬಿಡುತ್ತೆ, ತಾನಾಗೇ ಮೊಳೆಯುತ್ತಾ?
2. ಕಡಿದ ಮೇಲೆ ಮತ್ತೆ ಚಿಗುರುತ್ತಾ?
3. ದನ, ಕುರಿ ತಿನ್ನುತ್ತವಾ?
4. ನಮ್ಮಂಥದ್ದೇ ಹವೆ ಇರುವ ಕಡೆ ಈಗಾಗಲೇ ಕಾಟ ಕೊಟ್ಟಿದೆಯಾ?

ಒಂದೊಂದೇ ಉತ್ತರ ನೋಡಿ ತೀರ್ಮಾನ ಮಾಡಬೇಡಿ. ಹೊಂಗೆಯೂ ಕಡಿದರೆ ಚಿಗುರುತ್ತೆ. ಆದರೆ ನಾಲ್ಕೂ ಒಟ್ಟಿಗೆ ಕೆಟ್ಟದಾದರೆ ಆ ಸಸಿ ಬೇಡವೇ ಬೇಡ. ನಾಲ್ಕನೆಯದಕ್ಕೆ ಹೆಚ್ಚು ತೂಕ ಕೊಡಿ. ಬಳ್ಳಾರಿ ಜಾಲಿ, ಲಂಟಾನಾ ವಿಷಯದಲ್ಲಿ ನಮ್ಮ ಹಿರಿಯರಿಗೆ ಹೀಗೆ ಹುಡುಕಿ ನೋಡೋ ಅನುಕೂಲ ಇರಲಿಲ್ಲ. ನಮಗಿದೆ.

ಸೀಮೆ ತಂಗಡಿ ಜೊತೆ ಇದನ್ನು ಕಲಸಿಕೊಳ್ಳಬೇಡಿ. ಸೀಮೆ ತಂಗಡಿಯ ಕಾಯಿ ಚಪ್ಪಟೆ, ಎಲೆಯ ತುದಿ ದುಂಡಗೆ. ಸ್ಪೆಕ್ಟಾಬಿಲಿಸ್ ಕಾಯಿ ಕೊಳವೆ ಥರ ಉರುಟು, ಎಲೆ ಚೂಪು. ಹೊಲದಲ್ಲಿ ಸಸಿ ಕಂಡರೆ ಮಳೆ ಬಿದ್ದ ಮಾರನೇ ದಿನ ಬೇರು ಸಮೇತ ಕೀಳಿ, ಕತ್ತರಿಸಿ ಬಿಡಬೇಡಿ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಲೇಔಟ್ ಮಾಡೋರು ಮನೆ ಮಾರಿ ಹೋಗ್ತಾರೆ. ಅವರು ನೆಟ್ಟ ಮರದ ಬೀಜ ಬೀಳೋದು ನಮ್ಮ ಹೊಲಕ್ಕೆ. ಅದಕ್ಕೇ ಗುಂಡಿ ತೋಡುವ ಮೊದಲೇ ಹೋಗಿ ಮಾತಾಡಿ. ನಾನು ಪಕ್ಕದವರಿಗೆ ಹೊಂಗೆ, ನೇರಳೆ ಹೇಳಿದೆ. ಬೇಗ ಬೆಳೀಬೇಕು ಅಂದ್ರು, ಹೆಬ್ಬೇವು ತೋರಿಸಿದೆ. ನನ್ನ ಬದುವಿಗೆ ಹೊಂಗೆ ಹಾಕಿದ್ದೀನಿ. ಇನ್ನೂ ಮೊಣಕಾಲುದ್ದ ಇದೆ, ಧೂಳು ಬರ್ತಾನೇ ಇದೆ. ಇರಲಿ, ಕಾಯ್ತೀನಿ.