ಮನೆವಾರ್ತೆ: ಸೋಡಿಯ ಚೀಟಿಯೂ ಸಂಸಾರದ ಲೆಕ್ಕವೂ

ಸಂಸಾರವನ್ನು ನಡೆಯಿಸುವವರಿಗೆ ತಿಂಗಳ ಮೊದಲನೆಯ ವಾರದಂತಹ ಪರೀಕ್ಷೆಯ ಕಾಲ ಮತ್ತೊಂದಿಲ್ಲ. ಕೈಗೆ ಬಂದ ಸಂಬಳವು ಬಾಡಿಗೆಗೆ, ಮಕ್ಕಳ ವಿದ್ಯಾಭ್ಯಾಸಕ್ಕೆ, ಔಷಧಕ್ಕೆ ಎಂದು ಹಂಚಿಹೋದ ಮೇಲೆ ಉಳಿದುದರಲ್ಲಿ ಅಡಿಗೆಮನೆಯ ವೆಚ್ಚವು ಸಾಗಬೇಕು. ಬಾಡಿಗೆಯನ್ನು ಕಡಮೆಮಾಡುವುದು ನಮ್ಮ ಕೈಯಲ್ಲಿಲ್ಲ; ಶಾಲೆಯ ಶುಲ್ಕದಲ್ಲಿ ಚೌಕಾಸಿ ನಡೆಯುವುದಿಲ್ಲ. ಆದುದರಿಂದ ಯಾವ ಕಷ್ಟ ಬಂದರೂ ಮೊದಲು ಕತ್ತರಿ ಬೀಳುವುದು ದಿನಸಿಯ ಪಟ್ಟಿಗೆ. ಇದೇ ಸಮಯವನ್ನು ನೋಡಿಕೊಂಡು ಅಂಗಡಿಗಳವರೂ ನಮ್ಮನ್ನು ಕರೆಯುತ್ತಾರೆ. ವೃತ್ತಪತ್ರಿಕೆಯೊಳಗೆ ಮಡಿಸಿಟ್ಟ ಕರಪತ್ರ, ಮೊಬೈಲಿಗೆ ಬರುವ ಕೂಪನ್ನು, 'ಎರಡು ಕೊಂಡರೆ ಒಂದು ಉಚಿತ'ವೆಂಬ ಫಲಕ, ಹೀಗೆ ಆಮಂತ್ರಣಗಳಿಗೆ ಕೊರತೆಯಿಲ್ಲ. ಇವುಗಳಿಂದ ಸಂಸಾರಕ್ಕೆ ನಿಜವಾಗಿ ಒದಗುವ ಲಾಭವೆಷ್ಟು ಎಂಬುದನ್ನು ಈ ತಿಂಗಳು ವಿಚಾರಮಾಡೋಣ.

ಸೋಡಿ ಕೊಡುವವನ ಉದ್ದೇಶವನ್ನು ಮೊದಲು ತಿಳಿಯುವುದು ಒಳ್ಳೆಯದು. ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕ ದೇಶದಲ್ಲಿ ಕೋಕಾ-ಕೋಲ ಪಾನೀಯವನ್ನು ಮಾರುತ್ತಿದ್ದವರು ಒಂದು ಲೋಟ ಪಾನೀಯವನ್ನು ಉಚಿತವಾಗಿ ಕೊಡಿಸುವ ಚೀಟಿಗಳನ್ನು ಹಂಚಿದರು. ಬಾಯಾರಿದವರಿಗೆ ನೀರೆರೆಯುವ ಧರ್ಮಕಾರ್ಯವಲ್ಲ ಅದು. ಮೊದಲ ಲೋಟವನ್ನು ಕುಡಿದವನು ಎರಡನೆಯದಕ್ಕೆ ಹಣ ಕೊಟ್ಟಾನೆಂಬುದೇ ಅದರ ಮರ್ಮ. ನಮ್ಮ ದೇಶದಲ್ಲಿ ೨೦೦೬ನೆಯ ಜನವರಿ ೨೬ರಂದು ಬಿಗ್ ಬಜಾರ್ ಅಂಗಡಿಗಳು ನಡೆಸಿದ ಅಗ್ಗದ ಮಾರಾಟಕ್ಕೆ ಜನರು ಕಿಕ್ಕಿರಿದು ಸೇರಿದ್ದರು. ಆ ಹೆಸರಿನ ಅಂಗಡಿಗಳು ೨೦೨೨ರಲ್ಲಿ ಮುಚ್ಚಿಹೋದರೂ, ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯ ದಿನಕ್ಕೂ ಸೋಡಿಯ ಮಾರಾಟ ಹೂಡುವ ಪದ್ಧತಿ ಉಳಿದುಬಂದಿದೆ. ವರ್ತಕನು ತನ್ನ ಲಾಭವನ್ನು ನೋಡಿಕೊಳ್ಳುವುದು ತಪ್ಪಲ್ಲ. ನಾವು ನಮ್ಮ ಲಾಭವನ್ನು ನೋಡಿಕೊಳ್ಳದಿರುವುದು ಮಾತ್ರ ತಪ್ಪು.

ಪೊಟ್ಟಣದ ಮೇಲೆ ಅಚ್ಚಾಗಿರುವ ಎಂ.ಆರ್.ಪಿ. ಎಂಬುದು ಎಲ್ಲ ತೆರಿಗೆಗಳೂ ಸೇರಿದ ಅತ್ಯಧಿಕ ಚಿಲ್ಲರೆ ಬೆಲೆ. ಅದನ್ನು ಮೀರಿ ಮಾರುವುದು ಕಾನೂನಿಗೆ ವಿರುದ್ಧ. ಆದರೆ ಅದು ಮೇಲಿನ ಗಡಿಯೇ ಹೊರತು ಪದಾರ್ಥದ ನಿಜವಾದ ಧಾರಣೆಯಲ್ಲ. ಬೇಳೆಯ ಪೊಟ್ಟಣವೊಂದರ ಮೇಲೆ ೨೨೦ ರೂಪಾಯಿಯೆಂದು ಅಚ್ಚುಮಾಡಿ ೧೬೦ಕ್ಕೆ ಮಾರುವಾಗ '೬೦ ರೂಪಾಯಿ ಉಳಿತಾಯ'ವೆಂದು ರಸೀದಿಯ ಕೊನೆಯಲ್ಲಿ ಕಾಣಿಸಬಹುದು. ಅಂತಹುದೇ ಬೇಳೆ ಬೀದಿಯ ಅಂಗಡಿಯಲ್ಲಿ ಬಿಡಿಯಾಗಿ ೧೫೦ಕ್ಕೆ ದೊರೆಯುವುದಾದರೆ ಉಳಿದುದೇನು? ಹತ್ತು ರೂಪಾಯಿ ನಷ್ಟವೇ ಸರಿ. ಆದುದರಿಂದ ಇಂದಿನ ಬೆಲೆಯನ್ನು ಎಂ.ಆರ್.ಪಿ.ಯೊಡನೆ ಹೋಲಿಸದೆ, ಹೋದ ತಿಂಗಳು ನಾವು ಕೊಟ್ಟ ಬೆಲೆಯೊಡನೆ ಹೋಲಿಸಬೇಕು. ಇದಕ್ಕೆ ಒಂದು ಸಣ್ಣ ಪುಸ್ತಕ ಸಾಕು. ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ, ಕಾಫಿಪುಡಿ, ಸಾಬೂನು ಮೊದಲಾಗಿ ಪ್ರತಿ ತಿಂಗಳೂ ಬೇಕಾಗುವ ಇಪ್ಪತ್ತು ಪದಾರ್ಥಗಳ ಬೆಲೆಯನ್ನು ಅದರಲ್ಲಿ ಬರೆದಿಟ್ಟರೆ, ಮೂರು ತಿಂಗಳೊಳಗೆ ಯಾವುದು ನಿಜವಾದ ಸೋಡಿ, ಯಾವುದು ಬರಿಯ ಮಾತು ಎಂಬುದು ತಾನಾಗಿ ತಿಳಿದುಬರುವುದು. ತರಕಾರಿಯ ವಿಷಯದಲ್ಲಿ, ೧೯೫೯ರಲ್ಲಿ ಸ್ಥಾಪಿತವಾದ ಹಾಪ್‌ಕಾಮ್ಸ್ ಸಹಕಾರ ಸಂಘದ ಮಳಿಗೆಗಳಲ್ಲಿ ಪ್ರಕಟಿಸುವ ದಿನದ ಬೆಲೆಯು ಹೋಲಿಕೆಗೆ ಅನುಕೂಲವಾದುದು.

ಬೆಲೆಯಂತೆಯೇ ತೂಕವನ್ನೂ ಓದಬೇಕು. ಹಿಂದೆ ಕೆಲವು ಪದಾರ್ಥಗಳನ್ನು ಗೊತ್ತಾದ ಅಳತೆಗಳಲ್ಲಿಯೇ ಪೊಟ್ಟಣ ಕಟ್ಟಬೇಕೆಂಬ ನಿಯಮವಿತ್ತು. ೨೦೨೧ರ ತಿದ್ದುಪಡಿಯು ಆ ಕಟ್ಟನ್ನು ತೆಗೆದು, ಅದಕ್ಕೆ ಪ್ರತಿಯಾಗಿ ಗ್ರಾಮಿಗೆ ಅಥವಾ ಕಿಲೋಗ್ರಾಮಿಗೆ ಎಷ್ಟು ಬೀಳುವುದೆಂಬುದನ್ನು ಪೊಟ್ಟಣದ ಮೇಲೆ ತಿಳಿಸಬೇಕೆಂದು ವಿಧಿಸಿತು. ಅಡಿಗೆ ಎಣ್ಣೆಯ ಪೊಟ್ಟಣಗಳನ್ನು ನೋಡಿರಿ. ಒಂದು ಲೀಟರು ಎಣ್ಣೆ ಸುಮಾರು ೯೧೦ ಗ್ರಾಮು ತೂಗುತ್ತದೆ. ಅದರ ಪಕ್ಕದಲ್ಲಿಯೇ, ಕಣ್ಣಿಗೆ ಅಷ್ಟೇ ದೊಡ್ಡದಾಗಿ ಕಾಣುವ ೮೫೦ ಗ್ರಾಮಿನ ಪೊಟ್ಟಣವಿರಬಹುದು. ಮೊದಲನೆಯದಕ್ಕೆ ೧೫೫ ರೂಪಾಯಿ, ಎರಡನೆಯದಕ್ಕೆ ೧೪೭ ರೂಪಾಯಿ ಎಂದಿಟ್ಟುಕೊಳ್ಳೋಣ. ಎಂಟು ರೂಪಾಯಿ ಅಗ್ಗವೆಂದು ಕೈ ಎರಡನೆಯದರ ಕಡೆಗೆ ಹೋಗುವುದು ಸಹಜ. ಲೆಕ್ಕಹಾಕಿದರೆ ಮೊದಲನೆಯದು ಕಿಲೋವಿಗೆ ಸುಮಾರು ೧೭೦ ರೂಪಾಯಿ, ಎರಡನೆಯದು ಸುಮಾರು ೧೭೩ ರೂಪಾಯಿ ಬೀಳುತ್ತದೆ. ಅಗ್ಗವಾಗಿ ಕಂಡದ್ದೇ ದುಬಾರಿಯಾಯಿತು.

ಸೋಡಿಯ ಮಾತುಗಳಿಗೂ ಹೀಗೆಯೇ ಲೆಕ್ಕವುಂಟು. 'ನೂರಕ್ಕೆ ಇಪ್ಪತ್ತು ಹೆಚ್ಚು' ಎಂದು ೫೦೦ ಗ್ರಾಮಿನ ಬೆಲೆಗೆ ೬೦೦ ಗ್ರಾಮು ಕೊಟ್ಟರೆ ನಮಗೆ ದೊರೆತ ಸೋಡಿ ನೂರಕ್ಕೆ ಇಪ್ಪತ್ತಲ್ಲ, ಸುಮಾರು ಹದಿನೇಳು. 'ಎರಡು ಕೊಂಡರೆ ಒಂದು ಉಚಿತ' ಎಂದರೆ ನೂರಕ್ಕೆ ಮೂವತ್ತಮೂರು. ಆದರೆ ಮೂರನ್ನೂ ಕೆಡುವುದರೊಳಗೆ ಉಪಯೋಗಿಸಿದರೆ ಮಾತ್ರ. ಎಲ್ಲಕ್ಕಿಂತ ಹೆಚ್ಚಾಗಿ ಗೃಹಸ್ಥರು ಮೋಸಹೋಗುವುದು 'ಎರಡು ಸಾವಿರದ ವ್ಯಾಪಾರಕ್ಕೆ ಇನ್ನೂರು ರೂಪಾಯಿ ಕಡಿತ' ಎಂಬ ಕೂಪನ್ನಿನಲ್ಲಿ. ಮನೆಗೆ ಬೇಕಾದುದು ೧,೫೦೦ ರೂಪಾಯಿಯ ಸಾಮಾನು. ಇನ್ನೂರನ್ನು ಗಳಿಸುವುದಕ್ಕಾಗಿ ೫೦೦ ರೂಪಾಯಿಯ ಬಿಸ್ಕತ್ತನ್ನೂ ಪಾನಕದ ಸೀಸೆಯನ್ನೂ ಸೇರಿಸಿ ೧,೮೦೦ ತೆತ್ತು ಬರುತ್ತೇವೆ. ಇನ್ನೂರು ಉಳಿಯಿತೆಂಬ ಸಂತೋಷದಲ್ಲಿ ಮುನ್ನೂರು ಹೆಚ್ಚಾಗಿ ಖರ್ಚಾದುದು ಮರೆತುಹೋಗುತ್ತದೆ. ಆ ಐನೂರಕ್ಕೆ ಮುಂದಿನ ತಿಂಗಳಿಗೂ ಬೇಕಾಗುವ ಸಾಬೂನನ್ನೋ ಸಕ್ಕರೆಯನ್ನೋ ಕೊಂಡಿದ್ದರೆ ಕೂಪನ್ನು ಸಾರ್ಥಕ. ಮೊದಲು ಪಟ್ಟಿ, ಆಮೇಲೆ ಕೂಪನ್ನು, ಇದೇ ಕ್ರಮ. ಮನೆಗೆ ತಂದುಕೊಡುವವರಿಂದ ತರಿಸುವುದಾದರೆ, ಸಾಗಣೆಯ ಮತ್ತು ನಿರ್ವಹಣೆಯ ಶುಲ್ಕಗಳನ್ನೂ ಪದಾರ್ಥದ ಬೆಲೆಗೆ ಸೇರಿಸಿಯೇ ಹೋಲಿಸತಕ್ಕದ್ದು.

ನಮ್ಮ ಹಿರಿಯರಿಗೆ ಕೂಪನ್ನು ತಿಳಿದಿರಲಿಲ್ಲ; ಆದರೆ ಸುಗ್ಗಿ ತಿಳಿದಿತ್ತು. ಅವರ ಸೋಡಿಯ ಮಾರಾಟವು ಪಂಚಾಂಗದ ಪ್ರಕಾರ ನಡೆಯುತ್ತಿತ್ತು. ಕಲಬುರಗಿಯ ಕಡೆಯ ತೊಗರಿ ಡಿಸೆಂಬರಿನಿಂದ ಫೆಬ್ರವರಿಯೊಳಗೆ ಪೇಟೆಗೆ ಬರುತ್ತದೆ. ಬ್ಯಾಡಗಿಯ ಮೆಣಸಿನಕಾಯಿಯ ಆವಕ ಜನವರಿಯಿಂದ ಮಾರ್ಚಿಯವರೆಗೆ ವಿಶೇಷ. ಹುಣಿಸೆಹಣ್ಣು ಬೇಸಗೆಯ ಮೊದಲಲ್ಲಿ. ಮಾಲು ಹೆಚ್ಚಾಗಿ ಬಂದಾಗ ಸಾಮಾನ್ಯವಾಗಿ ಧಾರಣೆ ಇಳಿಯುತ್ತದೆ, ಗುಣವೂ ಚೆನ್ನಾಗಿರುತ್ತದೆ. ಬಿಸಿಲೂ ಆಗಲೇ ಬಲವಾಗಿರುವುದರಿಂದ, ಮೆಣಸಿನಕಾಯಿಯನ್ನು ಗರಿಗರಿಯಾಗಿ ಒಣಗಿಸಿ, ಹುಣಿಸೆಯ ಬೀಜ ನಾರು ತೆಗೆದು ಉಪ್ಪು ಬೆರೆಸಿ ಜಾಡಿಗೆ ತುಂಬಿ, ಬೇಳೆಗೆ ಹರಳೆಣ್ಣೆ ಸವರಿ ಇಟ್ಟರೆ ಮಳೆಗಾಲದ ದುಬಾರಿಯ ಚಿಂತೆ ತಪ್ಪುತ್ತದೆ. ವರ್ಷದ ಸಾಮಾನಿಗೆ ಒಮ್ಮೆಗೇ ಹಣವಿಲ್ಲದವರು ನೆರೆಯ ಐದಾರು ಮನೆಗಳವರೊಡನೆ ಕೂಡಿ ಒಂದು ಮೂಟೆಯನ್ನು ಸಗಟು ಬೆಲೆಗೆ ಕೊಂಡು ಹಂಚಿಕೊಳ್ಳಬಹುದು. ೧೮೪೪ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ ನೇಯ್ಗೆಯವರೇ ಮೊದಲಾದ ಬಡವರು ಕೂಡಿ ಹಿಟ್ಟು, ಸಕ್ಕರೆ, ಬೆಣ್ಣೆಗಳ ಸಣ್ಣ ಅಂಗಡಿಯೊಂದನ್ನು ತೆರೆದು, ಬಂದ ಲಾಭವನ್ನು ಅವರವರು ಕೊಂಡ ಸಾಮಾನಿನ ಪ್ರಮಾಣದಲ್ಲಿ ಹಂಚಿಕೊಂಡರು. ತಮ್ಮ ಕೂಪನ್ನನ್ನು ತಾವೇ ಬರೆದುಕೊಂಡರೆಂದು ಹೇಳಬಹುದು.

ಹಾಗೆಂದು ಎಲ್ಲವನ್ನೂ ಕೂಡಿಡಲಾಗದು. ರವೆ, ಕಡಲೆಹಿಟ್ಟು, ಮೈದಾ ಮಳೆಗಾಲದಲ್ಲಿ ಬೇಗ ಹುಳು ಹಿಡಿಯುತ್ತವೆ. ಕಡಲೆಕಾಯಿ ಬೀಜವೂ ತೆರೆದ ಎಣ್ಣೆಯೂ ಮುಗ್ಗುತ್ತವೆ. ಕಾಫಿಪುಡಿ ವಾಸನೆ ಕಳೆದುಕೊಳ್ಳುತ್ತದೆ. ಅರ್ಧ ಬೆಲೆಗೆ ಬಂದುದರಲ್ಲಿ ಅರ್ಧವನ್ನು ಬೀದಿಗೆ ಚೆಲ್ಲಿದರೆ ಬೆಲೆ ಪೂರ್ತಿಯೇ ಆಯಿತು. ಬೆಲೆ ಬಹಳ ಇಳಿದಿರುವ ಪೊಟ್ಟಣದ ಮೇಲೆ ಕೊನೆಯ ದಿನಾಂಕವನ್ನು ತಪ್ಪದೆ ನೋಡಬೇಕು.

ಇನ್ನೆರಡು ಮಾತುಗಳನ್ನು ಗಮನದಲ್ಲಿಡಬೇಕು. ಸೋಡಿಯ ನೆಪದಲ್ಲಿ ಮೊಬೈಲಿನ ಸಂಖ್ಯೆಯನ್ನು ಕೇಳುವವರಿಗೆ ಅದನ್ನು ಕೊಡಲೇಬೇಕೆಂಬ ನಿರ್ಬಂಧವಿಲ್ಲ. ಸಂಖ್ಯೆಗಾಗಿ ಗಿರಾಕಿಯನ್ನು ಒತ್ತಾಯಿಸಕೂಡದೆಂದು ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ೨೦೨೩ರಲ್ಲಿ ವರ್ತಕರಿಗೆ ಸೂಚಿಸಿದೆ. ಎಂ.ಆರ್.ಪಿ. ಮೀರಿ ಹಣ ಕೇಳಿದರೆ ೧೯೧೫ ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ರಸೀದಿಯಿದ್ದರೆ ದೂರಿಗೆ ಬಲ. ಇದಲ್ಲದೆ, ತಿಂಗಳ ಕೊನೆಯಲ್ಲಿ ಕೈ ಬರಿದಾದಾಗ ಲೆಕ್ಕಕ್ಕೆ ಬರೆದುಕೊಂಡು ಅಕ್ಕಿ ಕೊಡುವವರು ಬೀದಿಯ ತಿರುವಿನ ಅಂಗಡಿಯವರೇ ಎಂಬುದನ್ನು ಮರೆಯಬಾರದು. ನಗದಿನ ವ್ಯಾಪಾರವನ್ನೆಲ್ಲ ದೊಡ್ಡ ಅಂಗಡಿಗೆ ಒಯ್ದು, ಸಾಲಕ್ಕೆ ಮಾತ್ರ ಚಿಕ್ಕ ಅಂಗಡಿಯ ಮೆಟ್ಟಲು ಹತ್ತುವುದು ನ್ಯಾಯವಲ್ಲ. ಎರಡು ಮೂರು ರೂಪಾಯಿಯ ಅಂತರವಿದ್ದರೂ ಅವರಲ್ಲಿ ಕೆಲವನ್ನು ಕೊಳ್ಳುವುದು ದುಂದುವೆಚ್ಚವಾಗಲಾರದು.

ಕಡೆಗೆ ಹೇಳತಕ್ಕ ಮಾತೇ ಮುಖ್ಯವಾದುದು. ಅನೇಕ ಮನೆಗಳಲ್ಲಿ ಉಳಿತಾಯವು ಅಂಗಡಿಯಿಂದ ಬರುವುದಿಲ್ಲ. ಗೃಹಿಣಿಯ ತಟ್ಟೆಯಿಂದ ಬರುತ್ತದೆ. ಹಾಲು ಮಕ್ಕಳಿಗೂ ಯಜಮಾನರಿಗೂ ಸಾಕಾಗಲೆಂದು ಅವಳು ಕಾಫಿಯನ್ನು ಬಿಡುತ್ತಾಳೆ. ತರಕಾರಿಯನ್ನು ಎಲ್ಲರಿಗೂ ಬಡಿಸಿ ತಾನು ಉಪ್ಪಿನಕಾಯಿಯಲ್ಲಿ ಊಟ ಮುಗಿಸುತ್ತಾಳೆ. ಯಾವ ಪುಸ್ತಕದಲ್ಲಿಯೂ ಬರೆಯದ ಈ ಕಡಿತವನ್ನು ಮಿತವ್ಯಯವೆಂದು ಹೊಗಳುವುದು ತಪ್ಪು. ಬೇಳೆ, ಹಾಲು, ಸೊಪ್ಪು, ಹಣ್ಣು, ಇವುಗಳಿಗೆ ಕತ್ತರಿ ಹಾಕದೆ ಪೊಟ್ಟಣದ ತಿಂಡಿಗೂ ಪಾನೀಯಕ್ಕೂ ಹಾಕಬೇಕು. ಬೆಲೆಯ ಪುಸ್ತಕವನ್ನು ಮನೆಯ ಯಜಮಾನರೂ ದೊಡ್ಡ ಮಕ್ಕಳೂ ಸರದಿಯಂತೆ ಬರೆಯಲಿ. ಲೆಕ್ಕದ ಭಾರವು ಒಬ್ಬಳ ತಲೆಯ ಮೇಲೆ ಬೀಳದಿರಲಿ. ಸೋಡಿಯಿಂದ ಉಳಿದ ಹಣವನ್ನು ಆ ದಿನವೇ ಬೇರೆಯ ಡಬ್ಬಿಗೆ ಹಾಕಿಡತಕ್ಕದ್ದು. ಕೈಚೀಲದಲ್ಲಿಯೇ ಬಿಟ್ಟ ಹಣ ಉಳಿದಂತಲ್ಲ. ತಿಂಗಳ ಕೊನೆಗೆ ಆ ಡಬ್ಬಿಯನ್ನು ಎಲ್ಲರೂ ಕೂಡಿ ಎಣಿಸಿದಾಗ ಸಿಕ್ಕುವ ಮೊತ್ತವೇ ಸಂಸಾರದ ನಿಜವಾದ ಲಾಭ. ಹಾಲಿನ ಪಾಲನ್ನು ಬಿಟ್ಟುಕೊಟ್ಟವರು ಮನೆಯಲ್ಲಿದ್ದರೆ, ಅದರಲ್ಲಿ ಮೊದಲ ಭಾಗವು ಅವರ ಹಾಲಿಗೆ ಸಲ್ಲಬೇಕು.