ಮಕ್ಕಳನ್ನು ಕಟ್ಟಿಹಾಕಿದ್ದು ಸಾಕು

ಕಳೆದ ಅಡಿಕೆ ಕೊಯ್ಲಿನ ಸಮಯ. ನೆರೆಮನೆಯ ಒಂಬತ್ತು ವರ್ಷದ ಹುಡುಗ ಅಜ್ಜನೊಟ್ಟಿಗೆ ಅಡಿಕೆ ಹೆಕ್ಕಲು ತೋಟಕ್ಕೆ ಬಂದಿದ್ದ. ಹತ್ತು ಮರದ ಬುಡ ಮುಗಿಯುವಾಗಲೇ ಏದುಸಿರು. ವಾಪಸು ಚಡಾವು ಹತ್ತುವಾಗ ಎರಡು ಕಡೆ ಕೂತ. ಎಪ್ಪತ್ತು ದಾಟಿದ ಅಜ್ಜ ಗೋಣಿ ಹೊತ್ತುಕೊಂಡು ಅಂಗಳ ಸೇರಿ ಆಗಿತ್ತು!

ಹುಡುಗನಿಗೆ ಕಾಯಿಲೆಯೇನಿಲ್ಲ. ‘ಸ್ವಲ್ಪ ತೂಕ ಜಾಸ್ತಿ, ಅಷ್ಟೆ’ ಎಂದರು ಮನೆಯವರು. ಈ ‘ಅಷ್ಟೆ’ಯಲ್ಲೇ ನಮ್ಮ ತಪ್ಪಿದೆ.

ಬೊಜ್ಜು ಪೇಟೆಯವರ ತಾಪತ್ರಯ ಎಂದು ನಾವು ತಿಳಿದಿದ್ದೇವೆ. ನಮ್ಮ ದೇಶದಲ್ಲಿ ಬಡಕಲು ಮಕ್ಕಳೇ ಇನ್ನೂ ಹೆಚ್ಚು, ನಿಜ. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಐದು ವರ್ಷದೊಳಗಿನ ಅತಿತೂಕದ ಮಕ್ಕಳು 2015-16ರಲ್ಲಿ ನೂರಕ್ಕೆ 2.1 ಇದ್ದದ್ದು 2019-21ರಲ್ಲಿ 3.4 ಆಗಿದೆ. ಈ ತೂಕ ಹಾಗೇ ಉಳಿದರೆ ಮುಂದೆ ಸಕ್ಕರೆ ಕಾಯಿಲೆ, ಬಿಪಿಗೆ ದಾರಿ.

ಬೆಳಗ್ಗೆ ಗೇಟಿನ ಬುಡಕ್ಕೇ ವ್ಯಾನು. ಶಾಲೆಯಲ್ಲಿ ಬೆಂಚು. ಸಂಜೆ ವ್ಯಾನಿಳಿದರೆ ಕುರುಕಲು ತಿಂಡಿಯ ತೊಟ್ಟೆ, ಮೊಬೈಲು. ನಾವು ಶಾಲೆಗೆ ಗುಡ್ಡೆ ಹತ್ತಿ, ಸಂಕ ದಾಟಿ ಹೋದವರು. ಅದರ ಕಷ್ಟ ಮಕ್ಕಳಿಗೆ ಬೇಡ ಎಂದು ವ್ಯಾನು ಗೊತ್ತು ಮಾಡಿದ್ದೂ ನಾವೇ. ಕಷ್ಟದ ಜತೆಗೆ ಕಾಲಿನ ಕೆಲಸವೂ ಹೋಯಿತು.

ಹಾಗಾದರೆ ಶಾಲೆಯಲ್ಲಾದರೂ ಮೈ ಬೆವರಬೇಕಲ್ಲ? 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಚುರುಕಿನ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆ 420 ನಿಮಿಷ ಆಯಿತು. ನಲವತ್ತು ನಿಮಿಷದ ಎರಡು ಆಟದ ಪೀರಿಯಡ್ ಸಿಕ್ಕಿದರೂ 80. ಅದರಲ್ಲೂ ಪಾಠ ಹಿಂದುಳಿದರೆ ಮೊದಲು ಕೈಹಾಕುವುದು ಆಟದ ಪೀರಿಯಡ್‌ಗೇ.

2009ರ ಶಿಕ್ಷಣ ಹಕ್ಕು ಕಾಯಿದೆ ಪ್ರತಿ ಶಾಲೆಗೂ ಆಟದ ಮೈದಾನ ಬೇಕೆನ್ನುತ್ತದೆ. ಆದರೆ ದೈಹಿಕ ಶಿಕ್ಷಣದ ಬೋಧಕರ ಮಾತು ಅದರಲ್ಲಿ ಬರುವುದು 6ರಿಂದ 8ನೇ ತರಗತಿಗೆ, ಅದೂ ಅರೆಕಾಲಿಕ, ಮಕ್ಕಳು ನೂರಕ್ಕಿಂತ ಹೆಚ್ಚಿದ್ದರೆ. ಮೈ ಬೆಳೆಯುವ ಒಂದರಿಂದ ಐದರವರೆಗೆ ಆ ಮಾತೇ ಇಲ್ಲ.

ಅದಕ್ಕೆಂದು ಕೈಕಟ್ಟಿ ಕೂರಬೇಕಿಲ್ಲ. ಲಗೋರಿ, ಕುಂಟೆಬಿಲ್ಲೆ, ಖೋಖೋ ಆಡಲು ಪಿ.ಟಿ. ಮಾಸ್ಟ್ರೇ ಬೇಕೆಂದಿಲ್ಲ. ಹಾಳೆಯ ಮೇಲೆ ಒಬ್ಬನನ್ನು ಕೂರಿಸಿ ಎಳೆಯುವ ಆಟಕ್ಕೆ ಖರ್ಚೂ ಇಲ್ಲ. ಬೇಕಾದ್ದು ದಿನಾ ಅರ್ಧ ಗಂಟೆ, ಯಾವ ಪಾಠಕ್ಕೂ ಬಿಟ್ಟುಕೊಡದ ಅರ್ಧ ಗಂಟೆ. ಮಳೆಗಾಲದಲ್ಲಿ ಜಗಲಿಯಲ್ಲೇ ಹಗ್ಗ ಹಾರಬಹುದು. ಉಳಿದ ಅರ್ಧ ಗಂಟೆ ನಮ್ಮ ಪಾಲಿನದು. ವ್ಯಾನನ್ನು ಅರ್ಧ ಮೈಲು ದೂರದಲ್ಲೇ ನಿಲ್ಲಿಸಿ, ನಾಲ್ಕು ಮನೆಯ ಮಕ್ಕಳು ಒಟ್ಟಿಗೆ ನಡೆಯಲಿ.

ಇದನ್ನು ಕೇಳುವವರು ಯಾರು? ನಾವೇ. ಸರಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ ಹೆತ್ತವರೇ ಹೆಚ್ಚು. ಕಾಯಿದೆಯ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ನಾವೇ ಇರಬೇಕು. ಖಾಸಗಿ ಶಾಲೆಯಾದರೆ ಪೋಷಕರ ಸಭೆ ಇದೆ. ಸಭೆಗೆ ಹೋಗಿ ನಾವು ಕೇಳುವುದೇನು? ಮಾರ್ಕು ಎಷ್ಟು, ಇಂಗ್ಲಿಷ್ ಹೇಗೆ. ‘ಮಗ ಇವತ್ತು ಎಷ್ಟು ಹೊತ್ತು ಓಡಿದ?’ ಎಂದು ಕೇಳಿದವರು ಎಷ್ಟು ಮಂದಿ? ನಾನೂ ಕೇಳಿದವನಲ್ಲ.

ಕೇಳುವುದರ ಜತೆಗೆ ಕೊಡುವುದೂ ಇದೆ. ಮಳೆ ಬಿಟ್ಟಾಗ ಶಾಲೆಯ ಮೈದಾನದಲ್ಲಿ ಮೊಣಕಾಲೆತ್ತರ ಹುಲ್ಲು. ಹಾವಿನ ಹೆದರಿಕೆಗೆ ಟೀಚರು ಮಕ್ಕಳನ್ನು ಇಳಿಸುವುದಿಲ್ಲ. ಅವರದ್ದೇನು ತಪ್ಪು? ಊರಲ್ಲಿ ಕಳೆಕೊಚ್ಚುವ ಯಂತ್ರಗಳಿವೆ. ಇಬ್ಬರು ಒಂದು ಬೆಳಗ್ಗೆ ಬಂದರೆ ಕೆಲಸ ಮುಗಿಯಿತು.

ಬರೀ ಆಟದಿಂದ ಬೊಜ್ಜು ಕರಗದು, ತಿನ್ನುವುದರ ಮೇಲೂ ಕಣ್ಣಿಡಬೇಕು. ತೊಟ್ಟೆ ತಿಂಡಿಯ ಬದಲು ಹಿತ್ತಿಲ ಬಾಳೆಹಣ್ಣು ಕೊಡಲು ಯಾರ ಅಪ್ಪಣೆಯೂ ಬೇಡ.

ಹಟ್ಟಿಯಲ್ಲಿ ಕರುವನ್ನು ಇಡೀ ದಿನ ಯಾರೂ ಕಟ್ಟಿಹಾಕುವುದಿಲ್ಲ. ಹಗ್ಗ ಬಿಚ್ಚಿ ಅಂಗಳದಲ್ಲಿ ನಾಲ್ಕು ಸುತ್ತು ಓಡಲು ಬಿಡುತ್ತೇವೆ. ಕರುವಿಗೆ ಗೊತ್ತಿರುವ ನ್ಯಾಯ ಮಕ್ಕಳಿಗೂ ಸಲ್ಲಬೇಡವೇ?

ನಿಮ್ಮೂರ ಶಾಲೆಯಲ್ಲಿ ಆಟ ಹೇಗೆ ನಡೆಯುತ್ತಿದೆ? ಬರೆಯಿರಿ.