ಬಾಲ್ಯದ ಪಂದ್ಯದಾಟವೂ ನಮ್ಮ ಪುಸ್ತಕ ಭಂಡಾರಗಳೂ

ಬೈಯಪ್ಪನಹಳ್ಳಿಯ ವಾಚಕ ಮಹಾಶಯರೊಬ್ಬರು ನಮಗೊಂದು ಕಾಗದವನ್ನು ಬರೆದಿರುವರು. ವಿಷಯವು ಮೊದಲ ನೋಟಕ್ಕೆ ಹುಡುಗಾಟಿಕೆಯದೆಂದು ತೋರಬಹುದಾದರೂ, ಕಾಗದವನ್ನು ಎರಡನೆಯ ಸಲ ಓದಿದ ಮೇಲೆ ಅದನ್ನು ಬದಿಗಿರಿಸಲು ನಮಗೆ ಮನಸ್ಸು ಬರಲಿಲ್ಲ. ಅವರ ಬಾಲ್ಯದಲ್ಲಿ ತಂದೆಯವರು ಅಂಗಡಿಯಿಂದ ರಶೀದಿಸಹಿತ ಕೊಂಡು ತಂದ 'ವ್ಯಾಕಿ ರೇಸಸ್' ಎಂಬ ಮೋಟಾರು ಪಂದ್ಯದ ಕಂಪ್ಯೂಟರ್ ಆಟದ ಸಿ.ಡಿ. ಇಂದಿಗೂ ಅವರಲ್ಲಿದೆ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ಮತ್ತೊಮ್ಮೆ ಆಡಬೇಕೆಂದು ಅವರಿಗೆ ಆಸೆಯಾಯಿತು. ಮನೆಯ ಈಗಿನ ಕಂಪ್ಯೂಟರಿನಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ. ಬೇರೊಂದು ಯಂತ್ರವನ್ನು ತಂದು ಜೋಡಿಸಿದರೆ ಆಟವು ಏಳಲೊಲ್ಲದು. ಹೊಸ ಪ್ರತಿಯನ್ನು ಕೊಳ್ಳೋಣವೆಂದರೆ ಎಲ್ಲಿಯೂ ದೊರೆಯದು. ಬಲ್ಲವರನ್ನು ವಿಚಾರಿಸಲಾಗಿ, ಅಂತರ್ಜಾಲದಲ್ಲಿ ಯಾರೋ ಇರಿಸಿರುವ ಅನಧಿಕೃತ ಪ್ರತಿಯನ್ನು ಇಳಿಸಿಕೊಳ್ಳಿರೆಂದು ನಕ್ಕು ಹೇಳಿದರಂತೆ. ಪತ್ರಲೇಖಕರು ಸರ್ಕಾರದ ನೌಕರರು. ಇದು ಕಳ್ಳತನವಾಗುವುದೋ ಇಲ್ಲವೋ ತಿಳಿಸಿರೆಂದು ಅವರು ನಮ್ಮನ್ನು ಕೇಳಿರುವರು.

ಈ ಆಟದ ಮೂಲವು 1968ರಲ್ಲಿ ಅಮೇರಿಕದ ಹ್ಯಾನಾ-ಬಾರ್ಬೆರಾ ಸಂಸ್ಥೆಯವರು ತಯಾರಿಸಿದ ವ್ಯಂಗ್ಯಚಿತ್ರ ಮಾಲೆ. ಹನ್ನೊಂದು ವಿಚಿತ್ರ ವಾಹನಗಳು ಪಂದ್ಯ ಓಡುತ್ತವೆ. ಡಿಕ್ ಡಾಸ್ಟರ್ಡ್‌ಲಿ ಎಂಬ ಮೀಸೆಯ ಖಳನೂ ಮಟ್ಲಿ ಎಂಬ ಅವನ ನಾಯಿಯೂ ದಾರಿಯುದ್ದಕ್ಕೂ ಇತರರಿಗೆ ಗುಂಡಿ ತೋಡುತ್ತ ಬಂದು, ಕೊನೆಗೆ ತಾವೇ ಅದರಲ್ಲಿ ಬೀಳುತ್ತಾರೆ. ಮಾಲೆಯ ಒಂದು ಪಂದ್ಯವನ್ನೂ ಅವರು ಗೆದ್ದವರಲ್ಲ. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ವಾಹಿನಿಯು ಭಾರತಕ್ಕೆ ಬಂದ ಬಳಿಕ ಈ ಸಂಸ್ಥೆಯ ಹಳೆಯ ಚಿತ್ರಗಳು ನಮ್ಮ ಪಟ್ಟಣಗಳ ಮನೆಮನೆಯನ್ನೂ ಹೊಕ್ಕವು. 2000ದಲ್ಲಿ ಇನ್ಫೋಗ್ರಾಮ್ಸ್ ಎಂಬ ಫ್ರೆಂಚ್ ಕಂಪನಿಯವರು ಇದನ್ನು ಕಂಪ್ಯೂಟರ್ ಆಟವನ್ನಾಗಿ ಮಾರಿದರು. ಈ ಚಿತ್ರಗಳು ಕನ್ನಡ ಮಾತನಾಡಲಿಲ್ಲವೆಂಬ ಕೊರಗು ನಮಗೂ ಉಂಟು. ಆದರೆ ಅದು ಬೇರೊಂದು ದಿನದ ಮಾತು. ಯಾವ ಭಾಷೆಯದಾದರೇನು, ಒಂದು ತಲೆಮಾರಿನ ಮಕ್ಕಳು ಕಣ್ಣರಳಿಸಿ ಆಡಿದ ಆಟವು ಅವರ ಬಾಲ್ಯದ ಅಂಗವೇ ಸರಿ.

ಇನ್ನು ಪ್ರಶ್ನೆಗೆ ಉತ್ತರ. 1957ರ ಗ್ರಂಥಸ್ವಾಮ್ಯದ ಕಾಯ್ದೆಯ 52ನೆಯ ಪ್ರಕರಣವು, ಕಂಪ್ಯೂಟರ್ ಕ್ರಮವಿಧಿಯ ಪ್ರತಿಯೊಂದನ್ನು ನ್ಯಾಯವಾಗಿ ಪಡೆದವನು ಅದು ಕೆಟ್ಟುಹೋಗದಂತೆ ತನ್ನ ಪ್ರತಿಯಿಂದಲೇ ಇನ್ನೊಂದು ಪ್ರತಿಯನ್ನು ತೆಗೆದಿರಿಸಿಕೊಳ್ಳಬಹುದೆಂದು ಸ್ಪಷ್ಟವಾಗಿ ಹೇಳುತ್ತದೆ. ಅದನ್ನು ಕೊಂಡ ಉದ್ದೇಶವು ನೆರವೇರುವುದಕ್ಕೆ ಬೇಕಾದ ಮಾರ್ಪಾಟನ್ನೂ ಅನುಮತಿಸುತ್ತದೆ. 2012ರಲ್ಲಿ ಸೇರಿಸಿದ 65-ಎ ಪ್ರಕರಣವು ಬೀಗವನ್ನು ಮುರಿಯುವವರನ್ನು ದಂಡಿಸುವುದಾದರೂ, ಹಕ್ಕನ್ನು ಉಲ್ಲಂಘಿಸುವ ಉದ್ದೇಶವು ಇದ್ದರೆ ಮಾತ್ರ. ಆದುದರಿಂದ ಪತ್ರಲೇಖಕರು ತಮ್ಮ ಸಿ.ಡಿ.ಯಿಂದ ಪ್ರತಿ ತೆಗೆದು ಆಡಿದರೆ ಅಪರಾಧಿಯಾಗರೆಂಬುದು ನಮ್ಮ ಅಭಿಪ್ರಾಯ. ಅಪರಿಚಿತನು ಅಂತರ್ಜಾಲದಲ್ಲಿಟ್ಟ ಪ್ರತಿಗೆ ಈ ರಕ್ಷಣೆಯಿಲ್ಲ. ಕಂಪನಿಯವರು ಮಾರುವುದನ್ನು ನಿಲ್ಲಿಸಿದ ಮಾತ್ರಕ್ಕೆ ಅವರ ಸ್ವಾಮ್ಯವು ಅಳಿಯುವುದಿಲ್ಲ.

ಆದರೆ ಇಲ್ಲಿಯೇ ನ್ಯಾಯವು ತಲೆಕೆಳಗಾಗಿದೆ. ಆ ಕಾಲದ ಅನೇಕ ಆಟಗಳ ಅಸಲು ಸಿ.ಡಿ.ಗಳಿಗೆ, ನಕಲು ಮಾಡದಂತೆ 'ಸೇಫ್‌ಡಿಸ್ಕ್' ಎಂಬ ಬೀಗವನ್ನು ಹಾಕಿದ್ದರು. 2015ರಲ್ಲಿ ಮೈಕ್ರೋಸಾಫ್ಟ್ ಕಂಪನಿಯವರು, ಭದ್ರತೆಯ ಕಾರಣದಿಂದ, ತಮ್ಮ ವಿಂಡೋಸ್ 10ರಲ್ಲಿ ಆ ಬೀಗಕ್ಕೆ ಎಡೆಯಿಲ್ಲವೆಂದುಬಿಟ್ಟರು. ಅಲ್ಲಿಂದ ಮುಂದೆ, ಹಣ ತೆತ್ತವನ ಸಿ.ಡಿ. ಓಡದು. ನಮ್ಮ ಮೆಜೆಸ್ಟಿಕ್ಕಿನ ಬಳಿ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಅಗ್ಗಕ್ಕೆ ಮಾರುತ್ತಿದ್ದ, ಬೀಗ ಕಿತ್ತ ನಕಲು ಮಾತ್ರ ಓಡುವ ಸಂಭವವುಂಟು! ಪ್ರಾಮಾಣಿಕನಿಗೆ ಇದಕ್ಕಿಂತಲೂ ದೊಡ್ಡ ಅಪಹಾಸ್ಯವನ್ನು ಯಾವ ಡಾಸ್ಟರ್ಡ್‌ಲಿಯೂ ಹೂಡಿರಲಾರನು.

ಇದು ಒಬ್ಬರ ಕಷ್ಟವಲ್ಲ. 2010ಕ್ಕೆ ಮೊದಲು ಅಮೇರಿಕದಲ್ಲಿ ಹೊರಬಂದ ಆಟಗಳಲ್ಲಿ ನೂರಕ್ಕೆ 87ರಷ್ಟು ಮಾರುಕಟ್ಟೆಯಲ್ಲಿ ಸಿಕ್ಕದಂತಾಗಿವೆಯೆಂದು ಅಲ್ಲಿನ 'ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್' 2023ರಲ್ಲಿ ಪ್ರಕಟಿಸಿತು. ಇಂತಹವನ್ನು ಸಂಶೋಧಕರು ದೂರದಿಂದಲೂ ನೋಡಲು ಪುಸ್ತಕ ಭಂಡಾರಗಳು ಅನುಮತಿ ಬೇಡಿದಾಗ, 2024ರಲ್ಲಿ ಆ ದೇಶದ ಗ್ರಂಥಸ್ವಾಮ್ಯದ ಕಚೇರಿಯು ನಿರಾಕರಿಸಿತು. ಅದೇ ವರ್ಷ 'ದಿ ಕ್ರೂ' ಎಂಬ ಮೋಟಾರು ಪಂದ್ಯದ ಆಟವನ್ನು, ಯೂಬಿಸಾಫ್ಟ್ ಕಂಪನಿಯವರು ತಮ್ಮ ಸರ್ವರುಗಳನ್ನು ನಿಲ್ಲಿಸಿ, ಕೊಂಡವರ ಕೈಯಿಂದಲೇ ಕಸಿದಂತೆ ಮಾಡಿದರು. ಅದರ ವಿರುದ್ಧ ಎದ್ದ ಯೂರೋಪಿನ ಮನವಿಗೆ 2025ರಲ್ಲಿ ಹತ್ತು ಲಕ್ಷಕ್ಕೂ ಮೇಲ್ಪಟ್ಟು ಸಹಿಗಳು ಬಿದ್ದವು.

ಹೊರನಾಡಿನವರ ಜಗಳ ನಮಗೇಕೆಂದು ಕೇಳುವವರಿಗೆ ಕನ್ನಡದ ಒಂದು ನಷ್ಟವನ್ನು ನೆನಪಿಸುವೆವು. ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆ ಕಂಡಿತು. ಸುಬ್ಬಯ್ಯನಾಯಿಡುಗಳ ಇಂದ್ರಜಿತನನ್ನು ನೋಡಲು ಜನರು ಮುಗಿಬಿದ್ದರೆಂದು ಹಿರಿಯರು ಹೇಳುತ್ತಿದ್ದರು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಚಿತ್ರಗಳನ್ನು ಕಾಪಾಡಲು ಪುಣೆಯಲ್ಲಿ ರಾಷ್ಟ್ರೀಯ ಭಂಡಾರವನ್ನು ತೆರೆದದ್ದು 1964ರಲ್ಲಿ, ಅಂದರೆ ಮೂವತ್ತು ವರ್ಷ ತಡವಾಗಿ. ಆಗಿನವರೂ ಚಲನಚಿತ್ರವನ್ನು ಹುಡುಗಾಟಿಕೆಯೆಂದೇ ಎಣಿಸಿದ್ದರು. ಉಗಿಬಂಡಿಯ ವಿಷಯದಲ್ಲಿ ನಾವು ಇಷ್ಟು ಉದಾಸೀನರಲ್ಲ. ಬೈಯಪ್ಪನಹಳ್ಳಿಯಲ್ಲಿ 2022ರಲ್ಲಿ ಹೊಸ ರೈಲು ಟರ್ಮಿನಲ್ ತೆರೆಯಿತಾದರೂ, 1979ರಿಂದ ಮೈಸೂರಿನ ಸಂಗ್ರಹಾಲಯದಲ್ಲಿರುವ ಹಳೆಯ ಎಂಜಿನ್ನುಗಳನ್ನು ಗುಜರಿಗೆ ಹಾಕಿರೆಂದು ಯಾರೂ ಹೇಳಲಿಲ್ಲ.

ಅದೂ ಅಲ್ಲದೆ, ಈ ಕಸುಬಿನಲ್ಲಿ ಬೆಂಗಳೂರಿನ ಕೈಯೂ ಇದೆ. ಭಾರತದಲ್ಲಿ ಆಟಗಳನ್ನು ತಯಾರಿಸಿದ ಮೊದಮೊದಲ ಸಂಸ್ಥೆಗಳಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ ಈ ನಗರದ್ದು. 1990ರ ದಶಕದ ಕೊನೆಯಲ್ಲಿ ಅದು ದುಡಿದದ್ದು ಮೇಲೆ ಹೇಳಿದ ಇನ್ಫೋಗ್ರಾಮ್ಸಿನವರಿಗಾಗಿಯೇ. ಮುಂದೆ 'ಫೋರ್ಜಾ' ಎಂಬ ಪ್ರಖ್ಯಾತ ಪಂದ್ಯದಾಟಗಳ ಮೋಟಾರುಗಳನ್ನು ನಮ್ಮ ತರುಣ ಚಿತ್ರಕಾರರು ರೂಪಿಸಿದರು. 2019ರಲ್ಲಿ ಆ ಸಂಸ್ಥೆಯನ್ನು ಅಮೇರಿಕದ ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಆ ಕೈಕೆಲಸವನ್ನು ನಾಳೆ ವಿದ್ಯಾರ್ಥಿಯೊಬ್ಬನು ನೋಡಬೇಕೆಂದರೆ ಎಲ್ಲಿಗೆ ಹೋಗಬೇಕು?

ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯವು 1992ರ ಕಾನೂನಿನಂತೆ ಇಂತಹ ಆಟಗಳ ಪ್ರತಿಗಳನ್ನೂ ಕಡ್ಡಾಯವಾಗಿ ಪಡೆದು ಕಾಪಾಡುತ್ತಿದೆ. ನಮ್ಮಲ್ಲಿ 1954ರ ಕಾಯ್ದೆಯು ಪುಸ್ತಕಗಳನ್ನೂ ಪತ್ರಿಕೆಗಳನ್ನೂ ಕೇಳುತ್ತದೆಯೇ ಹೊರತು ಆಟಗಳನ್ನಲ್ಲ. ಅದರ ತಿದ್ದುಪಡಿ ಕೇಂದ್ರ ಸರ್ಕಾರದವರ ಕೆಲಸವಾದುದರಿಂದ ಕಾಲ ಹಿಡಿಯುವುದು. ಕರ್ನಾಟಕ ಸರ್ಕಾರದವರು ಅದಕ್ಕಾಗಿ ಕಾಯಬೇಕಾದುದಿಲ್ಲ. ಈ ಉದ್ಯಮಕ್ಕೆ 2012ರಲ್ಲಿಯೇ ಒಂದು ನೀತಿಯನ್ನು ರಚಿಸಿದ ಕೀರ್ತಿ ಅವರದು. 2024ರ ಹೊಸ ನೀತಿಯಲ್ಲಿ ಐದು ವರ್ಷಗಳಿಗೆ 150 ಕೋಟಿ ರೂಪಾಯಿಗಳನ್ನು ಎತ್ತಿರಿಸಿರುವರು. ಈ ಹಣದಿಂದ ಸಹಾಯ ಪಡೆಯುವ ಪ್ರತಿಯೊಂದು ಸಂಸ್ಥೆಯೂ ತಾನು ಹೊರತಂದ ಆಟದ ಬೀಗವಿಲ್ಲದ ಪ್ರತಿಯೊಂದನ್ನು ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಒಪ್ಪಿಸತಕ್ಕದ್ದೆಂದು ಒಂದು ಷರತ್ತನ್ನು ಸೇರಿಸಿದರೆ ಸಾಕು. ವ್ಯಾಪಾರದ ಗುಟ್ಟು ಬಯಲಾಗುವುದೆಂಬ ಆಕ್ಷೇಪಣೆ ಬಂದರೆ, ಆಟವು ಮಾರುಕಟ್ಟೆಯಲ್ಲಿರುವವರೆಗೆ ಪ್ರತಿಯನ್ನು ಮೊಹರು ಮಾಡಿ ಇಡಲಿ. ಮಾರಾಟ ನಿಂತ ಮೇಲೆ, ಗ್ರಂಥಾಲಯದೊಳಗೆ ಕುಳಿತು ಆಡುವವರಿಗೆ ಮಾತ್ರ ತೆರೆದು ಕೊಡಲಿ. ಪರದೇಶದ ಕಂಪನಿಗಾಗಿ ಮಾಡಿದ ಕೆಲಸದ ಸ್ವಾಮ್ಯವು ಆ ಕಂಪನಿಯದಾದ್ದರಿಂದ, ಅಂತಹ ಪ್ರತಿಗಳಿಗೆ ಮಾತ್ರ ಕರಾರು ಮಾಡುವಾಗಲೇ ಒಪ್ಪಿಗೆಯನ್ನು ಬರೆಸಿಕೊಳ್ಳಬೇಕಾಗುವುದು.